ನೇತ್ರಾಣಿ: ಎಲ್ಲರೂ ಮೇಲಿಂದಷ್ಟೇ ನೋಡಿದ ದ್ವೀಪ

ಇಯರ್‌ಫೋನ್ ಹಾಕ್ಕೊಂಡ್ರಿ? ಈ ಸಲ ಕೋಟೆ ಇಲ್ಲ, ರಾಜರ ಜಗಳ ಇಲ್ಲ. ಈ ಸಲ ಸಮುದ್ರ. ಜಮಖಂಡಿಯವನು ಸಮುದ್ರದ ಇತಿಹಾಸ ಹೇಳ್ತೀನಿ ಅಂದ್ರೆ ನಗು ಬರಬಹುದು. ನಕ್ಕೊಂಡೇ ಕೇಳ್ರಿ.

ನಮ್ಮ ಕಡೆ ಈಜು ಕಲಿಯೋದು ಬಾವಿಯಲ್ಲಿ, ಇಲ್ಲಾಂದ್ರೆ ಹೊಳೆಯಲ್ಲಿ. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಮೇಲಿಂದ ನೂಕಿಬಿಡ್ತಾರೆ. ಒದ್ದಾಡಿ, ನೀರು ಕುಡಿದು, ಮುಖ ಮೇಲಿಟ್ಕೊಂಡು ದಂಡೆ ಮುಟ್ಟಿದ್ರೆ ಈಜು ಬಂತು ಅಂತ ಲೆಕ್ಕ. ನೀರಿನ ಕೆಳಗೆ ಏನಿದೆ ಅಂತ ಯಾರೂ ಕೇಳೋದಿಲ್ಲ. ಕೃಷ್ಣೆಯ ನೀರು ಮಳೆಗಾಲದಲ್ಲಿ ಚಹಾದ ಬಣ್ಣ. ಕೇಳಿದ್ರೂ ಕಾಣೋದಿಲ್ಲ.

ಹೋದ ಚಳಿಗಾಲ ಮೊದಲ ಸಲ ನಾನು ಮುಖ ಕೆಳಗೆ ಹಾಕಿ ನೀರಲ್ಲಿ ತೇಲಿದೆ. ಜಾಗ ನೇತ್ರಾಣಿ, ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಅರಬ್ಬಿ ಸಮುದ್ರದಲ್ಲಿರೋ ದ್ವೀಪ. ಅಲ್ಲಿ ಒಂದು ತಪ್ಪನ್ನೂ ಮಾಡಿದೆ. ಅದನ್ನ ಆಮೇಲೆ ಹೇಳ್ತೀನಿ.

ಘಟ್ಟ ಇಳಿದು ದೋಣಿ ಹತ್ತಿ

ನಾವು ನಾಲ್ಕು ಮಂದಿ ಗೆಳೆಯರು. ರಾತ್ರಿ ಜಮಖಂಡಿ ಬಿಟ್ಟು, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ, ಕುಮಟಾ, ಹೊನ್ನಾವರ ಅಂತ ಬೆಳಗಾಗೋ ಹೊತ್ತಿಗೆ ಮುರುಡೇಶ್ವರ ಮುಟ್ಟಿದ್ವಿ. ದೊಡ್ಡ ಶಿವನ ಮೂರ್ತಿ ಮುಂದೆ ಫೋಟೋ ಆಯ್ತು. ಆಮೇಲೆ ಲೈಫ್ ಜಾಕೆಟ್, ಆರೋಗ್ಯದ ಬಗ್ಗೆ ಒಂದು ಫಾರ್ಮ್, ಸಹಿ, ದೋಣಿ.

ಒಂದು ತಾಸಿನ ಮೇಲೆ ಎಂಜಿನ್ ಸದ್ದು, ಡೀಸೆಲ್ ವಾಸನೆ. ನಮ್ಮಲ್ಲಿ ಇಬ್ಬರು ಬೆಳಗಿನ ಇಡ್ಲಿಯನ್ನ ಸಮುದ್ರಕ್ಕೇ ಕೊಟ್ಟರು. ಹೊಟ್ಟೆ ತುಂಬ ತಿಂದು ದೋಣಿ ಹತ್ತಬೇಡಿ ಅಂತ ಮೊದಲೇ ಹೇಳಿದ್ರು, ಕೇಳಲಿಲ್ಲ. ಹಿಂದೆ ದಂಡೆ ಮಸುಕಾಯ್ತು, ಮುಂದೆ ಹಸಿರು ಗುಡ್ಡ ಒಂದು ನೀರಿಂದ ಎದ್ದ ಹಾಗೆ ಕಂಡಿತು. ಕಡಿದಾದ ಬಂಡೆ, ಮೇಲೆ ಕಾಡು. ಡ್ರೋನ್ ವಿಡಿಯೊದಲ್ಲಿ ಹೃದಯದ ಆಕಾರ ಕಾಣುತ್ತಲ್ಲ, ದೋಣಿಯಿಂದ ಅದೇನೂ ಕಾಣೋದಿಲ್ಲ. ಕಾಣೋದು ಬರೀ ಕಲ್ಲು.

ಈ ಸಂಚಿಕೆಯ ವಿಷಯ ಅಲ್ಲೇ ಇದೆ. ನೂರಾರು ವರ್ಷ ಈ ದ್ವೀಪದ ಪಕ್ಕ ಬಹಳ ಜನ ಹಾದುಹೋಗಿದ್ದಾರೆ. ಎಲ್ಲರೂ ಮೇಲಿದ್ದದ್ದನ್ನ ನೋಡಿದ್ರು. ಕೆಳಗಿದ್ದದ್ದು ಲೆಕ್ಕಕ್ಕೆ ಬಂದದ್ದು ತೀರ ಇತ್ತೀಚೆಗೆ.

ಕುದುರೆ ಹಡಗು, ಹದ್ದಿನ ಗೂಡು

ನೇತ್ರಾಣಿಯ ಎದುರಿನ ದಂಡೆ ಭಟ್ಕಳ ತಾಲ್ಲೂಕು. ಇವತ್ತು ಭಟ್ಕಳ ಅಂದ್ರೆ ನಮಗೆ ಮಲ್ಲಿಗೆ, ಬಿರಿಯಾನಿ ನೆನಪಾಗುತ್ತೆ. ವಿಜಯನಗರದ ಕಾಲಕ್ಕೆ ಅದು ಸಾಮ್ರಾಜ್ಯದ ದೊಡ್ಡ ಬಂದರುಗಳಲ್ಲಿ ಒಂದು. ಅರಬ್ಬಿ, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಕುದುರೆ ಬಂದಿಳಿಯುತ್ತಿದ್ದವು, ಇಲ್ಲಿಂದ ಅಕ್ಕಿ, ಸಕ್ಕರೆ, ಮೆಣಸು ಹೋಗುತ್ತಿದ್ದವು. ಕುದುರೆ ಘಟ್ಟ ಹತ್ತಿ ಹಂಪಿ ಸೇರುತ್ತಿದ್ದವು. 1565ರಲ್ಲಿ ನಮ್ಮ ಕೃಷ್ಣೆಯ ಸೀಮೆಯಲ್ಲೇ ರಕ್ಕಸತಂಗಡಿ ಯುದ್ಧ ಆಯ್ತಲ್ಲ, ಆ ಸಾಮ್ರಾಜ್ಯದ ಸೈನ್ಯ ಈ ಕರಾವಳಿಯ ಕುದುರೆ ವ್ಯಾಪಾರದ ಮೇಲೆ ನಿಂತಿತ್ತು. 1502ರಲ್ಲಿ ವಾಸ್ಕೋ ಡ ಗಾಮ ಎರಡನೇ ಸಲ ಬಂದಾಗ ಇದೇ ಭಟ್ಕಳದ ಮೇಲೆ ದಾಳಿ ಮಾಡಿ ಹೆದರಿಸಿ ಕಪ್ಪ ಕೇಳಿದ.

ಆ ಹಡಗಿನವರಿಗೆ ನೇತ್ರಾಣಿ ಏನು? ಒಂದು ಗುರುತು. ದಂಡೆ ಕಾಣದಿದ್ದಾಗ ಈ ಗುಡ್ಡ ಕಂಡ್ರೆ ಎಲ್ಲಿದ್ದೀವಿ ಅಂತ ಗೊತ್ತಾಗುತ್ತೆ. ನಮ್ಮ ಹೈವೇ ಪಕ್ಕದ ಕಿಲೋಮೀಟರ್ ಕಲ್ಲಿನ ಹಾಗೆ.

ಬ್ರಿಟಿಷರು ಇದಕ್ಕೆ ಇಟ್ಟ ಹೆಸರು ಪಿಜನ್ ಐಲ್ಯಾಂಡ್, ಪಾರಿವಾಳದ ದ್ವೀಪ. 1875ರಲ್ಲಿ ಇಲ್ಲಿಗೆ ಒಬ್ಬ ಇಂಗ್ಲಿಷ್ ಅಧಿಕಾರಿ ಬಂದ. ಹೆಸರು ಅಲನ್ ಆಕ್ಟೇವಿಯನ್ ಹ್ಯೂಮ್. ಹೌದು, ಅದೇ ಹ್ಯೂಮ್. 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬ ಅಂತ ಶಾಲೆಯಲ್ಲಿ ಓದಿದ್ದೀವಲ್ಲ. ಆತನಿಗೆ ಹಕ್ಕಿಗಳ ಹುಚ್ಚು. 'ಸ್ಟ್ರೇ ಫೆದರ್ಸ್' ಅಂತ ಹಕ್ಕಿಗಳ ಪತ್ರಿಕೆಯನ್ನೇ ನಡೆಸುತ್ತಿದ್ದ. ನೇತ್ರಾಣಿಯಲ್ಲಿ ಆತ ಬಿಳಿಹೊಟ್ಟೆಯ ಕಡಲ ಹದ್ದಿನ ಸುಮಾರು ನೂರು ಗೂಡುಗಳನ್ನ ಕಂಡ. ಈ ಹದ್ದು ಒಂಟಿ ಜೋಡಿಯಾಗಿ, ಒಂದರಿಂದ ಒಂದು ದೂರ ಗೂಡು ಕಟ್ಟೋ ಹಕ್ಕಿ. ಒಂದೇ ದ್ವೀಪದಲ್ಲಿ ನೂರು ಅಂದ್ರೆ ಒಂದು ಊರೇ ಆಯ್ತು. ಆಮೇಲಿನ ಸಮೀಕ್ಷೆಗಳಲ್ಲಿ ಆ ಸಂಖ್ಯೆ ತುಂಬ ಕುಸಿದಿದೆ.

ನನಗೆ ಇದರಲ್ಲಿ ಬೇರೆ ಒಂದು ಸಂಗತಿ ಹೊಳೀತು. ನೂರು ಹದ್ದಿನ ಸಂಸಾರ ಒಂದು ಸಣ್ಣ ಗುಡ್ಡದ ಮೇಲೆ ಬದುಕಬೇಕಾದ್ರೆ ಕೆಳಗಿನ ನೀರಲ್ಲಿ ಎಷ್ಟು ಮೀನು, ಎಷ್ಟು ಕಡಲ ಹಾವು ಇದ್ದಿರಬೇಕು? ಅವುಗಳ ಊಟ ಅದೇ ತಾನೆ. ಗೂಡು ಎಣಿಸಿದವರು ಇದ್ರು. ಕೆಳಗಿನ ಅಡುಗೆಮನೆಗೆ ಇಳಿದು ನೋಡೋಕೆ ಆ ಕಾಲದಲ್ಲಿ ಸಾಧನವೇ ಇರಲಿಲ್ಲ. ನಾವು ಇವತ್ತು ಬಳಸೋ ಸ್ಕೂಬಾ ಉಸಿರಾಟದ ಸಾಧನವನ್ನ ಫ್ರಾನ್ಸ್‌ನಲ್ಲಿ ಜಾಕ್ ಕೂಸ್ಟೊ ಮತ್ತು ಎಮಿಲ್ ಗನ್ಯಾನ್ ರೂಪಿಸಿದ್ದು 1943ರಲ್ಲಿ.

ಹರಕೆಯ ಆಡು, ನೌಕಾಪಡೆಯ ಗುರಿ

ಕರಾವಳಿಯ ಮೀನುಗಾರರಿಗೆ ಮಾತ್ರ ಈ ದ್ವೀಪ ಮೊದಲಿಂದಲೂ ಬರೀ ಕಲ್ಲಲ್ಲ. ಮೇಲೆ ಜಟಕೇಶ್ವರನ ಸ್ಥಾನ ಇದೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಕಡೆಯ ಮೀನುಗಾರರು ಇಲ್ಲಿಗೆ ಹರಕೆ ಹೊರುತ್ತಾರೆ. ಹರಕೆ ತೀರಿಸೋಕೆ ಆಡುಗಳನ್ನ ದೋಣಿಯಲ್ಲಿ ತಂದು ದ್ವೀಪದ ಮೇಲೆ ಬಿಡುತ್ತಾರೆ. ಹಂಗೆ ಬಿಟ್ಟ ಆಡುಗಳು ಅಲ್ಲೇ ಕಾಡಾಡುಗಳಾಗಿವೆ.

ನಮ್ಮ ದೋಣಿಯ ಹಿರಿಯರು ದ್ವೀಪ ಹತ್ತಿರ ಬಂದಾಗ ಒಂದು ಕ್ಷಣ ಕೈ ಮುಗಿದರು. ಏನಣ್ಣಾ, ದೇವರಿದ್ದಾನೇನು ಮೇಲೆ ಅಂತ ನನ್ನ ಗೆಳೆಯ ಕೇಳಿದ. 'ನಮ್ಮನ್ನ ಸಾಕುವ ಜಾಗ ಮಾರಾಯ್ರೆ, ಕೈ ಮುಗಿಯದೆ ಹೇಗೆ?' ಅಂದ್ರು, ಅಷ್ಟೇ. ಯೋಚಿಸಿದ್ರೆ ಈ ಮಾತಲ್ಲಿ ಲೆಕ್ಕ ಇದೆ. ಬಂಡೆ, ಹವಳ ಇರೋ ಕಡೆ ಮರಿಮೀನಿಗೆ ಅಡಗೋ ಜಾಗ ಸಿಗುತ್ತೆ, ಅಲ್ಲಿ ಬೆಳೆದದ್ದು ಸುತ್ತಲಿನ ಸಮುದ್ರಕ್ಕೆ ಹೋಗುತ್ತೆ. ನೀರೊಳಗೆ ಇಳಿಯದಿದ್ರೂ, ಬಲೆಗೆ ಬಿದ್ದದ್ದನ್ನ ನೋಡಿ ಕೆಳಗಿನದು ಅವರಿಗೆ ಗೊತ್ತಿತ್ತು.

ಅದೇ ದ್ವೀಪವನ್ನ ಭಾರತೀಯ ನೌಕಾಪಡೆ ವರ್ಷಗಟ್ಟಲೆ ಗುರಿ ಅಭ್ಯಾಸಕ್ಕೆ ಬಳಸಿತು. ಅಂದ್ರೆ ಹಡಗಿನಿಂದ ಗುಂಡು ಹಾರಿಸಿ ಕಲಿಯೋದಕ್ಕೆ. ನೌಕಾಪಡೆಯ ಕಡೆಯಿಂದ ನೋಡಿದ್ರೆ ಕಾರಣ ಇದೆ. ತರಬೇತಿ ಬೇಕು, ಜನ ಇಲ್ಲದ ಜಾಗ ಬೇಕು. ನಕ್ಷೆಯಲ್ಲಿ ಊರಿಲ್ಲ, ಹೊಲ ಇಲ್ಲ, ಮನೆ ಇಲ್ಲ. ಮೇಲಿಂದ ನೋಡಿದವರಿಗೆ ಖಾಲಿ ಕಲ್ಲು. ಆದ್ರೆ ಮೀನುಗಾರರು, ಹಕ್ಕಿ ನೋಡೋರು, ಕಡಲ ಜೀವಿ ಓದಿದವರು ಇದಕ್ಕೆ ಆಕ್ಷೇಪ ಎತ್ತಿದ್ರು. ಇದನ್ನ ಜೀವವೈವಿಧ್ಯದ ಪಾರಂಪರಿಕ ತಾಣ ಮಾಡಬೇಕು ಅನ್ನೋ ಕೂಗು ಅಲ್ಲಿಂದಲೇ ಬಲವಾಯ್ತು.

ಇದು ನಮ್ಮಲ್ಲಿ ಮಾತ್ರ ಆದ ಕತೆಯಲ್ಲ. ಹವಾಯಿಯಲ್ಲಿ ಕಹೊಒಲಾವೆ ಅಂತ ದ್ವೀಪ ಇದೆ. ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರ ಜಾಗ. 1941ರಿಂದ ಅಮೆರಿಕದ ಸೇನೆ ಅದರ ಮೇಲೆ ಬಾಂಬ್ ಹಾಕಿ ಅಭ್ಯಾಸ ಮಾಡಿತು. 1976ರಲ್ಲಿ ಕೆಲವರು ನಿಷೇಧ ಮೀರಿ ದ್ವೀಪ ಹತ್ತಿ ಕೂತರು. 1990ರಲ್ಲಿ ಬಾಂಬ್ ನಿಂತಿತು, 1994ರಲ್ಲಿ ದ್ವೀಪ ಹವಾಯಿ ರಾಜ್ಯಕ್ಕೆ ವಾಪಸ್ ಬಂತು. ಆಮೇಲೆ ಹತ್ತು ವರ್ಷ ಸ್ವಚ್ಛ ಮಾಡಿದ್ರೂ ಸಿಡಿಯದ ಮದ್ದುಗುಂಡು ಪೂರ್ತಿ ಹೋಗಿಲ್ಲ.

ಇಲ್ಲಿ ಒಂದು ಮಾತು ನಮ್ಮ ಊರ ಬಗ್ಗೆ. ನಮ್ಮ ಮುತ್ಯಾ ಬೀಳಗಿ ಕಡೆಯವರು. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ರು. ಆ ಹಿನ್ನೀರಲ್ಲಿ ಮುತ್ಯಾನ ಹೊಲ ಹೋಯ್ತು. ಮುಳುಗಡೆ ಅನ್ನೋ ಶಬ್ದ ಬಾಗಲಕೋಟೆ ಜಿಲ್ಲೆಯ ಮಕ್ಕಳಿಗೂ ಗೊತ್ತು. ಇವತ್ತು ಅಲ್ಲಿ ನಿಂತು ನೋಡಿದ್ರೆ ಏನು ಕಾಣುತ್ತೆ? ಚಂದದ ನೀರು. ಜನ ಸೆಲ್ಫಿ ತಗೋತಾರೆ. ಮುತ್ಯಾ ಮಾತ್ರ ಕೈ ತೋರಿಸಿ, ಅಲ್ಲಿ ಬಾವಿ, ಅಲ್ಲಿ ಹುಣಸೆ ಮರ ಅಂತಾರೆ. ಅಣೆಕಟ್ಟು ಬೇಡ ಅಂತ ನಾನು ಹೇಳ್ತಿಲ್ಲ, ಅದೇ ನೀರಿನಿಂದ ಬದುಕಿದವರು ಲಕ್ಷಾಂತರ ಜನ. ನೀರಿನ ಮೇಲ್ಮೈ ನೋಡಿ ಕೆಳಗೆ ಏನೂ ಇಲ್ಲ ಅಂದ್ಕೊಳ್ಳೋದು ಎಷ್ಟು ಸುಲಭ ಅನ್ನೋದು ನಮ್ಮ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ.

ಹುಲಿ ಇರೋ ಪಟ್ಟಿಯಲ್ಲಿ ಹವಳ

ಸರಿ, ಈಗ ನೀರಿಗೆ ಇಳಿಯೋಣ. ನನಗೆ ಮಾಸ್ಕ್ ಹಾಕಿ, ಬಾಯಿಗೆ ಸ್ನಾರ್ಕಲ್ ಕೊಟ್ಟು, ಬಾಯಿಂದಲೇ ಉಸಿರಾಡಿ ಅಂದ್ರು. ಡಬ್ಬಿ ಕಟ್ಕೊಂಡು ಈಜು ಕಲಿತವನಿಗೆ ಮುಖ ನೀರೊಳಗೆ ಹಾಕಿ ಉಸಿರಾಡು ಅಂದ್ರೆ ಎದೆ ಹೊಡ್ಕೊಳ್ಳುತ್ತೆ. ಎರಡು ಸಲ ಉಪ್ಪುನೀರು ಕುಡಿದೆ. ಮೂರನೇ ಸಲ ಕೆಳಗೆ ಕಂಡಿತು.

ಗಿಣಿಯ ಬಣ್ಣದ ಮೀನು. ಪಟ್ಟೆ ಪಟ್ಟೆ ಮೀನಿನ ಹಿಂಡು. ಬಂಡೆಗೆ ಅಂಟಿದ ಹವಳ, ಒಂದು ಕಡೆ ಮಿದುಳಿನ ಹಾಗೆ, ಒಂದು ಕಡೆ ಮೇಜಿನ ಹಾಗೆ. ಬಣ್ಣ ಇನ್‌ಸ್ಟಾಗ್ರಾಂನಷ್ಟು ಗಾಢ ಇಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕಂದು, ಹಳದಿ, ತಿಳಿ ಹಸಿರು. ಆದ್ರೆ ಎಲ್ಲಾ ಜೀವಂತ.

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಸಣ್ಣ ಸಣ್ಣ ಜೀವಿಗಳು ಸುಣ್ಣದ ಮನೆ ಕಟ್ಕೊಂಡು ಒಟ್ಟಿಗೆ ಬದುಕುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತೆ. ಪಾಚಿ ಬಿಸಿಲಿನಿಂದ ಊಟ ತಯಾರಿಸಿ ಹವಳಕ್ಕೆ ಕೊಡುತ್ತೆ, ಹವಳ ಅದಕ್ಕೆ ಮನೆ ಕೊಡುತ್ತೆ. ಹೀಗಾಗಿ ಹವಳಕ್ಕೆ ತಿಳಿನೀರು, ಬಿಸಿಲು ಬೇಕು. ನಮ್ಮ ಕೃಷ್ಣೆ ಪೂರ್ವಕ್ಕೆ ಹರಿಯುತ್ತೆ, ಆದ್ರೆ ಶರಾವತಿ, ಅಘನಾಶಿನಿ, ಕಾಳಿ ಎಲ್ಲಾ ಘಟ್ಟದಿಂದ ಧುಮುಕಿ ಮಳೆಗಾಲದಲ್ಲಿ ಮಣ್ಣು ತಂದು ಕರಾವಳಿಗೆ ಸುರಿಯುತ್ತವೆ. ದಂಡೆ ಹತ್ತಿರದ ನೀರು ಕದಡುತ್ತೆ. ನೇತ್ರಾಣಿ ದಂಡೆಯಿಂದ ದೂರ ಇರೋದ್ರಿಂದಲೇ ಅಲ್ಲಿ ಇಷ್ಟು ಹವಳ ಉಳಿದಿದೆ.

ಅದರ ಬೆಳವಣಿಗೆ ಎಷ್ಟು ಗೊತ್ತಾ? ಗುಂಡು ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ಒಂದು ಕಬ್ಬಿನ ಗಳ ಉದ್ದ ಬೆಳೆಯೋಕೆ ಇನ್ನೂರು ಮುನ್ನೂರು ವರ್ಷ. ನಾನು ಕಾಮರ್ಸ್ ಓದಿದವನು. ಇಂಥ ಆಸ್ತಿ ಯಾವ ಲೆಡ್ಜರ್‌ನಲ್ಲೂ ಬರಲಿಲ್ಲ ಅನ್ನೋದು ತಲೆಯಲ್ಲಿ ಕೊರೀತಾ ಇತ್ತು. ತಮಿಳುನಾಡಿನ ಮನ್ನಾರ್ ಖಾರಿಯಲ್ಲಿ ಹವಳ ಲೆಕ್ಕಕ್ಕೆ ಬಂದಿತ್ತು, ಆದ್ರೆ ಹೇಗೆ? ಅಗೆದು ತಂದು ಸುಟ್ಟು ಸುಣ್ಣ ಮಾಡೋ ಕಚ್ಚಾ ಮಾಲಾಗಿ.

2001ರಲ್ಲಿ ಕೇಂದ್ರ ಸರ್ಕಾರ ಗಟ್ಟಿ ಹವಳಗಳನ್ನ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಹುಲಿ ಇರೋ ಪಟ್ಟಿ ಅದು. ಅಂದ್ರೆ ನೀವು ನೆನಪಿಗೆ ಅಂತ ಒಂದು ಹವಳದ ತುಂಡು ಮುರಿದು ಬ್ಯಾಗಿಗೆ ಹಾಕ್ಕೊಂಡ್ರೆ ಕಾನೂನಿನ ಕಣ್ಣಲ್ಲಿ ಸಣ್ಣ ತಪ್ಪಲ್ಲ. ಅದೇ ದಶಕದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೇತ್ರಾಣಿಯ ನೀರಿಗಿಳಿದು ಅಲ್ಲಿನ ಹವಳ, ಮೀನುಗಳನ್ನ ದಾಖಲಿಸಿದ್ರು. ಆಮೇಲೆ ಸ್ಕೂಬಾದವರು, ಪ್ರವಾಸಿಗರು ಬಂದ್ರು. ಅಪ್ಪು ಅಭಿಮಾನಿಗಳಿಗೆ ಗೊತ್ತಿದೆ, 2022ರ ಅಕ್ಟೋಬರ್‌ನಲ್ಲಿ ಬಂದ 'ಗಂಧದಗುಡಿ'ಗಾಗಿ ಪುನೀತ್ ರಾಜಕುಮಾರ್ ಇದೇ ನೀರಿಗೆ ಇಳಿದಿದ್ರು. ನಮ್ಮ ಕಡೆಯ ಎಷ್ಟೋ ಹುಡುಗರು ನೇತ್ರಾಣಿ ಅನ್ನೋ ಹೆಸರು ಮೊದಲು ಕೇಳಿದ್ದು ಅಲ್ಲೇ. ನಾನೂ ಅದರಲ್ಲಿ ಒಬ್ಬ.

ತೊರಕೆ ಮತ್ತು ನನ್ನ ತಪ್ಪು

ನಮ್ಮ ಜೊತೆಗಿದ್ದ ಗೈಡ್ ಒಂದು ಕಡೆ ಮರಳು ತೋರಿಸಿದ. ಏನೂ ಕಾಣಲಿಲ್ಲ. ಮತ್ತೆ ತೋರಿಸಿದ. ಮರಳಲ್ಲಿ ಎರಡು ಕಣ್ಣು. ಅಷ್ಟರಲ್ಲಿ ರೊಟ್ಟಿಯಂಥ ಮೈ ಒಮ್ಮೆ ಅಲುಗಿ, ಬಾಲ ಎಳ್ಕೊಂಡು, ನೀಲಿಯಲ್ಲಿ ಕರಗಿಹೋಯ್ತು. ಕರಾವಳಿಯವರು ಇದಕ್ಕೆ ತೊರಕೆ ಅಂತಾರೆ, ಇಂಗ್ಲಿಷಿನಲ್ಲಿ ಸ್ಟಿಂಗ್‌ರೇ. ಬಾಲದಲ್ಲಿ ಗರಗಸದಂಥ ವಿಷದ ಮುಳ್ಳು. 2006ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ ಸತ್ತದ್ದು ತೊರಕೆಯ ಮುಳ್ಳು ಎದೆಗೆ ನಾಟಿ. ಆದ್ರೆ ಅಂಥದ್ದು ತೀರ ಅಪರೂಪ. ತುಳಿದ್ರೆ, ಅಡ್ಡಗಟ್ಟಿದ್ರೆ ಹೊಡೆಯುತ್ತೆ, ಇಲ್ಲಾಂದ್ರೆ ಓಡಿಹೋಗುತ್ತೆ.

ನಾನು ಅದರ ಹಿಂದೆ ಹೋದೆ. ವಿಡಿಯೊ ಬೇಕಿತ್ತು. ಪಾಡ್‌ಕಾಸ್ಟ್‌ಗೆ ಒಂದು ರೀಲ್ ಆಗುತ್ತೆ ಅಂತ ಆಸೆ. ತಿರುಗೋ ಭರದಲ್ಲಿ ಅಲೆ ತಳ್ಳಿತು, ಗಾಬರಿಯಾಗಿ ಕಾಲು ಒದ್ದೆ. ಫಿನ್ ಬಂಡೆಗೆ ಬಡಿದು ಏನೋ ಮುರಿದ ಹಾಗಾಯ್ತು. ಕೆಳಗೆ ನೋಡಿದ್ರೆ ಅಂಗೈ ಅಗಲದ ಹವಳದ ತುಂಡು, ಒಳಗೆ ಬೆಳ್ಳಗೆ, ನಿಧಾನಕ್ಕೆ ಕೆಳಗೆ ಹೋಗ್ತಾ ಇತ್ತು. ಗೈಡ್ ಬಂದು ನನ್ನ ತೋಳು ಹಿಡಿದು ಮೇಲೆ ಎಳೆದ. ಬೈಯಲಿಲ್ಲ. 'ಹಿಂದೆ ಹೋಗಬಾರದು ಅಂದಿದ್ದೆ ಅಲ್ವಾ?' ಅಂದ. ದೋಣಿಯಲ್ಲಿ ಮೊದಲೇ ಹೇಳಿದ್ದ, ಹೌದು. ಹತ್ತೋ ಹದಿನೈದೋ ವರ್ಷ ಬೆಳೆದದ್ದು ನನ್ನ ಒಂದು ಒದೆತಕ್ಕೆ ಹೋಯ್ತು. ಗುಂಡು ಹಾರಿಸಿದವರ ಬಗ್ಗೆ ಇಷ್ಟೊತ್ತು ಮಾತಾಡಿದವನು ನಾನೇ.

ಇದನ್ನ ಎಡಿಟ್‌ನಲ್ಲಿ ತೆಗೆದುಹಾಕಬಹುದಿತ್ತು. ತೆಗೆಯಲಿಲ್ಲ, ಯಾಕಂದ್ರೆ ನೇತ್ರಾಣಿಯ ಇತಿಹಾಸದ ಈಗಿನ ಅಧ್ಯಾಯ ನಮ್ಮದೇ, ಪ್ರವಾಸಿಗರದು. ಇದು ಎಲ್ಲಿಗೆ ಹೋಗಬಹುದು ಅನ್ನೋದಕ್ಕೆ ಒಂದು ಉದಾಹರಣೆ ಕೇಳ್ರಿ.

ಕೆರಿಬಿಯನ್‌ನ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಸ್ಟಿಂಗ್‌ರೇ ಸಿಟಿ ಅಂತ ಜಾಗ ಇದೆ. ಹಿಂದೆ ಅಲ್ಲಿನ ಮೀನುಗಾರರು ತಿಳಿ ಖಾರಿಯಲ್ಲಿ ದೋಣಿ ನಿಲ್ಲಿಸಿ ಮೀನು ಹಸನು ಮಾಡಿ, ಕರುಳು ನೀರಿಗೆ ಎಸೆಯುತ್ತಿದ್ರು. ತೊರಕೆಗಳು ದೋಣಿ ಸದ್ದು ಕೇಳಿದ್ರೇ ಊಟ ಅಂತ ಬರೋಕೆ ಶುರು ಮಾಡಿದವು. 1980ರ ದಶಕದಲ್ಲಿ ಮುಳುಗುಗಾರರು ಕೈಯಿಂದ ತಿನ್ನಿಸಿದ್ರು, ಒಂದು ಪತ್ರಿಕೆಯಲ್ಲಿ ಬಂತು, ಲೋಕವೇ ಬಂತು. ಇವತ್ತು ಸೊಂಟದ ನೀರಲ್ಲಿ ನಿಂತು ತೊರಕೆಯನ್ನ ಎತ್ತಿ ಫೋಟೋ ತೆಗೀತಾರೆ. ಸಂಶೋಧಕರು ಅಧ್ಯಯನ ಮಾಡಿದಾಗ ಗೊತ್ತಾದದ್ದು: ಕಾಡು ತೊರಕೆ ರಾತ್ರಿ ಒಂಟಿಯಾಗಿ ಬೇಟೆಯಾಡುತ್ತೆ, ಇಲ್ಲಿನವು ಹಗಲು ಗುಂಪಾಗಿ ಪ್ರವಾಸಿಗರಿಗೆ ಕಾಯುತ್ತವೆ. ಅವುಗಳ ಹಗಲು ರಾತ್ರಿಯೇ ಅದಲು ಬದಲು.

ಅದರಿಂದ ಅಲ್ಲಿನವರಿಗೆ ದುಡಿಮೆ ಇದೆ, ತೊರಕೆಯನ್ನ ಹಿಡಿದು ಕೊಲ್ಲೋದಕ್ಕಿಂತ ಬದುಕಿಸೋದೇ ಲಾಭ ಅನ್ನೋದೂ ನಿಜ. 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ತೆರೆದ ಸಮುದ್ರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದ ಶೇ. 71ರಷ್ಟು ಇಳಿದಿದೆ, ಮುಖ್ಯ ಕಾರಣ ಅತಿಯಾದ ಮೀನುಗಾರಿಕೆ. ಅಂಥ ಹೊತ್ತಲ್ಲಿ ಪ್ರವಾಸ ಬೇಡವೇ ಬೇಡ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ನೇತ್ರಾಣಿಯಲ್ಲಿ ನಮ್ಮನ್ನ ಕರ್ಕೊಂಡು ಹೋದ ದೋಣಿಯವರ ಮನೆ ನಡೆಯೋದೂ ಇದರಿಂದಲೇ. ನಾನೂ ಮುಖ ನೀರೊಳಗೆ ಹಾಕದಿದ್ರೆ ಇದೆಲ್ಲ ಇದೆ ಅಂತ ಗೊತ್ತಾಗ್ತಿರಲಿಲ್ಲ. ಮೇಲಿಂದ ನೋಡಿದವರಿಗೆ ಖಾಲಿ ಕಲ್ಲು ಅಂದೆನಲ್ಲ, ಕೆಳಗೆ ನೋಡಿದವರು ಹೆಚ್ಚಾದಷ್ಟೂ ಈ ಜಾಗದ ಪರ ಮಾತಾಡೋರು ಹೆಚ್ಚಾಗ್ತಾರೆ. ಆದ್ರೆ ನೋಡೋಕೆ ಹೋಗಿ ಮುರಿದು ಬರೋದಾದ್ರೆ ಏನು ಬಂತು?

ಸಮುದ್ರ ಬಿಸಿಯಾಗ್ತಿರೋದು ಬೇರೆ ಇದೆ. ನೀರು ಬಿಸಿಯಾದ್ರೆ ಹವಳ ತನ್ನೊಳಗಿನ ಪಾಚಿಯನ್ನ ಹೊರಹಾಕಿ ಬಿಳಿಚಿಕೊಳ್ಳುತ್ತೆ, ಹಾಗೇ ಬಹಳ ದಿನ ಉಳಿದ್ರೆ ಸಾಯುತ್ತೆ. ಜಗತ್ತಿನಾದ್ಯಂತ ನಾಲ್ಕನೇ ಸಲ ಹವಳ ಬಿಳಿಚಿಕೊಳ್ತಿದೆ ಅಂತ ವಿಜ್ಞಾನಿಗಳು ಘೋಷಿಸಿದ್ದು 2024ರ ಏಪ್ರಿಲ್‌ನಲ್ಲಿ. ಅದನ್ನ ನೀವು ನಾನು ಒಂದು ಟ್ರಿಪ್‌ನಲ್ಲಿ ನಿಲ್ಲಿಸೋಕೆ ಆಗೋದಿಲ್ಲ. ಕಾಲು ಒದೆಯದೇ ಇರೋದು ಆಗುತ್ತೆ.

ಹೋಗೋರಿಗೆ ನಾಲ್ಕು ಮಾತು. ಮಳೆಗಾಲದಲ್ಲಿ ಹೋಗಬೇಡ್ರಿ, ಸಮುದ್ರ ಬಿಡೋದಿಲ್ಲ. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡ್ರಿ, ಅಸ್ತಮಾ, ಹೃದಯದ ತೊಂದರೆ ಇದ್ರೆ ಫಾರ್ಮ್‌ನಲ್ಲಿ ಮುಚ್ಚಿಡಬೇಡ್ರಿ. ಮೀನಿಗೆ ಬ್ರೆಡ್, ಬಿಸ್ಕೆಟ್ ಹಾಕಬೇಡ್ರಿ. ಏನನ್ನೂ ಮುಟ್ಟಬೇಡ್ರಿ, ಹಿಂದೆ ಬೀಳಬೇಡ್ರಿ. ತೊರಕೆ ತಾನಾಗಿ ಕಂಡ್ರೆ ನಿಮ್ಮ ಪುಣ್ಯ.

ಊರಿಗೆ ಬಂದ ಮೇಲೆ ಮುತ್ಯಾಗೆ ಫೋನ್‌ನಲ್ಲಿ ವಿಡಿಯೊ ತೋರಿಸಿದೆ. ಬಹಳ ಹೊತ್ತು ನೋಡಿದ್ರು. 'ನೀರಾಗ ಇಷ್ಟು ಚೊಲೊ ಕಾಣತೈತೇನೋ?' ಅಂದ್ರು. ಹೌದು ಮುತ್ಯಾ, ತಿಳಿನೀರಿದ್ರ ಕಾಣತೈತಿ ಅಂದೆ. 'ಮುರದಿ ಅಂತಲ್ಲ, ಅದನ್ನೂ ಹೇಳು ಮಂದಿಗೆ' ಅಂದ್ರು. ಅದಕ್ಕೇ ಹೇಳಿದೆ.

ನಿಮ್ಮ ಊರಲ್ಲಿ ನೀರಿನ ಕೆಳಗೆ ಏನಿದೆ? ಮುಳುಗಿದ ಗುಡಿ, ಹಳೇ ಬಾವಿ, ಯಾರದೋ ಹೊಲ? ಮನೆಯ ಹಿರಿಯರನ್ನ ಕೇಳಿ, ಅವರ ದನಿಯಲ್ಲೇ ಎರಡು ನಿಮಿಷ ರೆಕಾರ್ಡ್ ಮಾಡಿ ಕಳಿಸ್ರಿ. ಚೊಲೊ ಬಂದವನ್ನ ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲಿತನಕ, ಬರ್ತೀನ್ರಿ.